ಶಾಂತವ್ವನ ಮಗ್ಗ, ನಮ್ಮ ಮನೆಯ ಗೋಡೆ

ನಮ್ಮ ಮನೆಯ ಗೋಡೆ ಬಿರಿದದ್ದು ಶಾಂತವ್ವನ ಮಗ್ಗದಿಂದಲ್ಲ. ಅವಳ ಮಗ್ಗ ನಮ್ಮ ಬಡಾವಣೆಗೆ ಬರುವ ಮೊದಲೇ ಅದು ಬಿರಿದಿತ್ತು. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ, ಅವಳ ಮುಖ ನೋಡುತ್ತಲೇ, ನಾನು ಸುಳ್ಳು ಹೇಳಿದೆ.

ಸಂಘದ ಸ್ಮರಣ ಸಂಚಿಕೆಗೆ ‘ನಾವು ನಡೆದು ಬಂದ ದಾರಿ’ ಬರೆದುಕೊಡಿ ಕಾಕಾ ಎಂದು ಕೇಳಿಕೊಂಡು ಬಂದ ಹುಡುಗರಿಗೆ ಈ ಮೊದಲ ಮಾತು ಓದಿ ಎದೆ ಧಸಕ್ಕೆನ್ನಬಹುದು. ಎನ್ನಲಿ. ದಾರಿಯ ಕತೆ ಎಂದ ಮೇಲೆ ಎಡವಿದ ಕಲ್ಲನ್ನು ಬಿಟ್ಟು ಹೇಳುವುದು ಹೇಗೆ? ಅದರಲ್ಲೂ ಆ ಕಲ್ಲನ್ನು ಇನ್ನೊಬ್ಬರ ಕಾಲಿಗೆ ನಾನೇ ಅಡ್ಡ ಇಟ್ಟಿರುವಾಗ —

ಹಾಗೆಂದು ಸಂಘ ಮಾಡಿದ್ದನ್ನು ನಾನು ಕಡಿಮೆ ಮಾಡಿ ಹೇಳುವವನಲ್ಲ. ರಬಕವಿಗೂ ಬನಹಟ್ಟಿಗೂ ನಡುವಿನ ಈ ನೆಲ ಮೊದಲು ಜೋಳದ ಹೊಲ. ಪ್ಲಾಟು ಹಾಕಿದರು, ನಾವು ನೌಕರಿಯವರು, ಸಣ್ಣ ವ್ಯಾಪಾರದವರು ಬಂದು ಮನೆ ಕಟ್ಟಿದೆವು. ಗಟಾರ ಇರಲಿಲ್ಲ, ಬೀದಿ ದೀಪ ಇರಲಿಲ್ಲ, ಮಳೆ ಬಂತೆಂದರೆ ಚಪ್ಪಲಿ ಕೈಯಲ್ಲಿ ಹಿಡಿದು ಮನೆ ಸೇರಬೇಕಿತ್ತು. ಒಬ್ಬೊಬ್ಬರೇ ಕೇಳಿದರೆ ಯಾರು ಕೇಳುತ್ತಾರೆ ಎಂದು ಸಂಘ ಕಟ್ಟಿದೆವು. ಟಪಾಲು ಕಚೇರಿಯಲ್ಲಿ ಕೆಲಸದಲ್ಲಿದ್ದ ನನ್ನ ಅಕ್ಷರ ದುಂಡಗಿದ್ದ ಕಾರಣ ನಾನೇ ಸೆಕ್ರೆಟರಿ. ಅರ್ಜಿ ಹಿಡಿದು ಅಲೆದೆವು, ನಳ ಬಂತು, ಗಟಾರ ಬಂತು, ರಸ್ತೆಗೆ ಖಡಿ ಬಿತ್ತು. ಈಗ ನೀವು ನೆರಳಿಗೆ ನಿಲ್ಲುವ ಬೇವಿನ ಗಿಡಗಳಿಗೆ ನಮ್ಮ ಹೆಂಗಸರು ಮುಸುರೆ ನೀರು ಹೊತ್ತು ಹಾಕಿದ್ದಾರೆ. ಇದೆಲ್ಲ ಖರೆ. ಇದರ ಹೆಮ್ಮೆ ನನಗೆ ಇಂದಿಗೂ ಇದೆ, ಅದನ್ನು ಬಚ್ಚಿಡುವುದಿಲ್ಲ.

ಬಚ್ಚಿಟ್ಟದ್ದು ಬೇರೆ.

ನಾನು ಮನೆ ಕಟ್ಟಿಸುವಾಗ ಅಪ್ಪ ಸಾವಳಗಿಯಿಂದ ನೋಡಲು ಬಂದಿದ್ದರು. ಜೀವಮಾನವೆಲ್ಲ ಕರಿ ಹೊಲದಲ್ಲಿ ಓಡಾಡಿದವರು. ಪಾಯದ ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತು, ಒಂದು ಹೆಂಟೆ ಮಣ್ಣು ಬೆರಳಲ್ಲಿ ಹಿಸುಕಿ ಹೇಳಿದರು:

“ಗೋವಿಂದಾ, ಇದು ಎರಿ ನೆಲ. ಇದು ಉಸಿರಾಡ್ತದ. ಮಳಿ ಬಿದ್ರ ಉಬ್ಬತದ, ಬ್ಯಾಸಿಗಿ ಬಂದ್ರ ಬಾಯಿ ಬಿಡ್ತದ. ಕೆಳಗ ಗಟ್ಟಿ ಗರಸು ಮಣ್ಣ ಹತ್ತೂತನಾ ತೋಡಸು.”

“ನೆಲದಾಗ ಹೂತದ್ದನ್ನ ಯಾರ ನೋಡ್ತಾರಪ್ಪಾ? ಅದರ ಬದಲಿ ತಲಬಾಗಿಲಾ ಸಾಗವಾನಿದು ಮಾಡಸ್ತೀನಿ.”

ಅಪ್ಪ ನಕ್ಕರು. “ಮನಿ ನಿಂದರೂದು ಪಾಯದ ಮ್ಯಾಲೋ, ನೋಡಾವ್ರ ಕಣ್ಣಿನ ಮ್ಯಾಲೋ?”

ನಾನು ನೋಡುವವರ ಕಣ್ಣಿನ ಮೇಲೆ ಕಟ್ಟಿದೆ. ಬಾಗಿಲು ಚೆಂದ ಬಂತು. ಮೊದಲ ಬೇಸಿಗೆಯಲ್ಲೇ ಪಡಸಾಲೆಯ ಗೋಡೆ, ಕಿಟಕಿಯ ಮೂಲೆಯಿಂದ ಓರೆಯಾಗಿ ನೆಲದವರೆಗೆ, ಬಳೆ ತೂರಿಸುವಷ್ಟು ಬಾಯಿ ಬಿಟ್ಟಿತು.

ಅದರ ಮೇಲೆ ಒಂದು ದೊಡ್ಡ ಲಕ್ಷ್ಮಿಯ ಕ್ಯಾಲೆಂಡರು ತೂಗುಹಾಕಿದೆ. ನನ್ನ ಹೆಂಡತಿ ಕುಸುಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಅಷ್ಟ ಕೆಳಗ ಯಾರ ದೇವರನ್ನ ಹಾಕ್ತಾರ್ರೀ? ಬಂದಾವ್ರು ನಮಸ್ಕಾರ ಮಾಡಬೇಕಂದ್ರ ಬಗ್ಗಬೇಕು!” ಬಗ್ಗಲಿ ಬಿಡು ಎಂದೆ. ಇಬ್ಬರೂ ನಕ್ಕೆವು. ಆಗ ಅದು ನಮ್ಮ ಮನೆಯೊಳಗಿನ ನಗೆಚಾಟಿಕೆ, ಅಷ್ಟೆ.

ಮರುವರ್ಷ ಪಕ್ಕದ ಪ್ಲಾಟಿಗೆ ಈರಪ್ಪ, ಶಾಂತವ್ವ ಬಂದರು. ಈರಪ್ಪ ಚಿಕ್ಕಂದಿನಿಂದ ಬೇರೆಯವರ ಮಗ್ಗದ ಮೇಲೆ ಕೂಲಿಗೆ ನೇದವನು. ಗಂಡ ಹೆಂಡತಿ ಹೊಟ್ಟೆ ಬಟ್ಟೆ ಕಟ್ಟಿ ಸ್ವಂತದ ಎರಡು ಪವರ್‌ಲೂಮು ಮಾಡಿಕೊಂಡಿದ್ದರು. ಮನೆಯ ಒಂದು ಕೋಣೆಯೇ ಮಗ್ಗದ ಕೋಣೆ. ಅದು ನಮ್ಮ ಗೋಡೆಯ ಮಗ್ಗುಲಿಗೇ, ನಡುವೆ ಒಬ್ಬಾಳು ನಡೆಯುವಷ್ಟು ಸಂದು. ಈರಪ್ಪನ ತಾಯಿ ಹಾಸಿಗೆ ಹಿಡಿದವಳು. ಶಾಂತವ್ವ ಮಗ್ಗದ ಹತ್ತಿರ ನಿಂತೇ ಒಂದು ಕಿವಿ ಅತ್ತೆಯ ಕಡೆಗೆ ಇಟ್ಟಿರುತ್ತಿದ್ದಳು. ಮನೆ, ಮಗ್ಗ, ಮುದುಕಿ ಮೂರೂ ಒಂದೇ ಸೂರಿನಡಿ ಇದ್ದದ್ದರಿಂದಲೇ ಅವರ ಬಾಳು ಸಾಗುತ್ತಿತ್ತು. ಇದನ್ನು ನೆನಪಿಡಿ. ನನಗೂ ಇದು ಚೆನ್ನಾಗಿ ಗೊತ್ತಿತ್ತು.

ಮಗ್ಗದ ಸಪ್ಪಳ ನನಗೇನೂ ಹೆಚ್ಚಾಗಿರಲಿಲ್ಲ. ಹೆಚ್ಚಾದದ್ದು ಬಾಳಪ್ಪ ಮಾಸ್ತರರಿಗೆ, ರಿಟಾಯರ್ ಆದ ಹೆಡ್‌ಮಾಸ್ತರರು. ಒಂದು ಬೇಸಿಗೆಯ ಭಾನುವಾರ ನಮ್ಮ ಪಡಸಾಲೆಯಲ್ಲಿ ಸಂಘದ ಸಭೆ ಸೇರಿದಾಗ ಅವರು ವಿಷಯ ಎತ್ತಿದರು. ಹುಡುಗರ ಓದು ಕೆಡುತ್ತದೆ, ಇದು ವಾಸದ ಜಾಗ, ಮಗ್ಗ ಇಲ್ಲಿ ಬೇಡ. ಈರಪ್ಪ ಒಂದು ಮೂಲೆಯಲ್ಲಿ ಮುದುಡಿ ಕುಳಿತಿದ್ದ. ಅವನ ಪರವಾಗಿ ಎದ್ದವನು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ ಮಲ್ಲಪ್ಪ.

“ಅಲ್ರೀ ಮಾಸ್ತರ, ಬನಹಟ್ಟ್ಯಾಗ ಮನಿ ಕಟ್ಟಿ ಮಗ್ಗದ ಸಪ್ಪಳ ಬ್ಯಾಡ ಅಂದ್ರ, ಹೊಳಿ ದಂಡಿಗೆ ಮನಿ ಕಟ್ಟಿ ನೀರ ಬ್ಯಾಡ ಅಂದಂಗಾತು! ನಿಮ್ಮ ಧೋತರಾ ಏನ ಗಿಡದಾಗ ಬೆಳದೈತೇನು?”

ಎಲ್ಲರೂ ನಕ್ಕರು, ಮಾಸ್ತರರೂ ನಕ್ಕರು. ಕತ್ತಲಾದ ಮೇಲೆ ಮಗ್ಗ ನಿಲ್ಲಿಸುತ್ತೇನೆ ಎಂದು ಈರಪ್ಪ ಕೈಮುಗಿದ. ಮಾತು ಅಲ್ಲಿಗೇ ಮುಗಿಯಿತು. ಮುಗಿದೇ ಹೋಗಿತ್ತು — ಕುಸುಮ ಚಹಾ ತರುತ್ತಿದ್ದಳು —

ಆಗ ಬಿಸಿಗಾಳಿ ಬೀಸಿ ಕ್ಯಾಲೆಂಡರು ಹಾರಿ ಬಿತ್ತು.

“ಇದೇನ್ರಿ ಸೆಕ್ರೆಟರಿ ಸಾಹೇಬ್ರ?” ಎಂದರು ಮಾಸ್ತರರು. ಎಲ್ಲರ ಕಣ್ಣೂ ಗೋಡೆಯ ಮೇಲೆ. ಹೊಸದಾಗಿ ಮನೆ ಕಟ್ಟುವವರಿಗೆಲ್ಲ ‘ಪಾಯ ಗಟ್ಟಿ ಮಾಡಸ್ರಿ’ ಎಂದು ಬುದ್ಧಿ ಹೇಳುತ್ತ ತಿರುಗುತ್ತಿದ್ದವನು ನಾನು. ನಾಚಿಕೆಯಿಂದ ಕಿವಿ ಕಾದವು. ಆ ನಾಚಿಕೆಯನ್ನು ಒಂದು ಗಳಿಗೆ ತಡೆದುಕೊಂಡಿದ್ದರೆ — ‘ನನ್ನ ಪಾಯ ತಪ್ಪೇದ್ರಿ’ ಎಂದು ನಕ್ಕುಬಿಟ್ಟಿದ್ದರೆ — ಮಲ್ಲಪ್ಪ ಇನ್ನೊಂದು ನಗೆಚಾಟಿಕೆ ಮಾಡುತ್ತಿದ್ದ, ಎಲ್ಲರೂ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು.

“ಮಗ್ಗದ ಹೊಡತಕ್ಕ ಬಿರದದ್ದರೀ” ಎಂದೆ.

ಬಾಯಿಂದ ಹೊರಟ ಮಾತು ನನಗೇ ಪರಕೀಯವಾಗಿ ಕೇಳಿಸಿತು. ಆದರೆ ಉಳಿದವರಿಗೆ ಅದು ತಕ್ಷಣ ಒಪ್ಪಿತವಾಯಿತು. ಪರೀಕ್ಷೆಯೇ ಆಗಲಿ ಎಂದರು. ಈರಪ್ಪ ಹೋಗಿ ಮಗ್ಗ ಹಚ್ಚಿದ. ಒಬ್ಬೊಬ್ಬರೂ ಗೋಡೆಗೆ ಅಂಗೈ ಇಟ್ಟರು, ಬಾಳಪ್ಪ ಮಾಸ್ತರರು ವೈದ್ಯರ ಹಾಗೆ ಕಿವಿಯನ್ನೇ ಹಚ್ಚಿದರು. ಗೋಡೆ ಗುಂಯ್‌ಗುಡುತ್ತಿತ್ತು. ಮಗ್ಗದ ಪಕ್ಕದ ಯಾವ ಗೋಡೆ ಗುಂಯ್‌ಗುಡುವುದಿಲ್ಲ? ಹಾಗಂತ ಅದು ಬಿರಿಯುತ್ತದೆಯೇ? ಕೇಳಬೇಕಾಗಿದ್ದವನು ನಾನು. ಕೇಳಲಿಲ್ಲ.

ಗದ್ದಲ ಕೇಳಿ ಶಾಂತವ್ವ ಬಂದಳು. ತಲೆಯಲ್ಲಿ ನೂಲಿನ ಎಳೆಗಳು ಹಾಗೇ ಇದ್ದವು. ಬಿರುಕಿನ ಉದ್ದಕ್ಕೂ ಒಮ್ಮೆ ಬೆರಳಾಡಿಸಿ ನನ್ನ ಕಡೆ ತಿರುಗಿದಳು.

“ಅಣ್ಣಾರ, ನನ್ನ ಕಡೆ ನೋಡಿ ಒಂದ ಮಾತ ಹೇಳ್ರಿ. ನಾವು ಬರೂಕಿಂತ ಮೊದಲ ಈ ಗ್ವಾಡಿ ಸಾಫ ಇತ್ತೇನು? ನೀವು ಹೂಂ ಅಂದ್ರ ಮುಗೀತು. ನಾ ಮುಂದ ಮಾತಾಡೂದುಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಕುಸುಮ ಚಹಾದ ತಾಟು ಹಿಡಿದು ನಿಂತಿದ್ದಳು. ಕುಸುಮಳ ಕಡೆ ನೋಡದೆ, ಶಾಂತವ್ವನ ಮುಖ ನೋಡುತ್ತಲೇ ಹೇಳಿದೆ:

“ಸಾಫ ಇತ್ತವಾ.”

ಶಾಂತವ್ವ ಆಡಿದಂತೆ ನಡೆದಳು, ಮುಂದೆ ಒಂದು ಮಾತೂ ಆಡಲಿಲ್ಲ. ಬಡಾವಣೆಯೊಳಗೆ ಮಗ್ಗ ಕೂಡದು ಎಂದು ಅಂದೇ ಠರಾವಾಯಿತು. ಬರೆದವನು ನಾನೇ, ದುಂಡಗಿನ ಅಕ್ಷರದಲ್ಲಿ. ಮಲ್ಲಪ್ಪನೂ ಕೈ ಎತ್ತಿದ. ಸಪ್ಪಳವಾದರೆ ಸಹಿಸಬಹುದು, ಮನೆ ಬೀಳಿಸುವುದನ್ನು ಯಾರು ಒಪ್ಪುತ್ತಾರೆ?

ಅವರು ಮಗ್ಗವನ್ನು ದೂರದ ಒಂದು ಬಾಡಿಗೆ ಶೆಡ್ಡಿಗೆ ಒಯ್ದರು. ಮುದುಕಿಯನ್ನು ಬಿಟ್ಟು ಶಾಂತವ್ವ ಅಲ್ಲಿಗೆ ಹೋಗುವಂತಿಲ್ಲ. ಒಬ್ಬನೇ ಈರಪ್ಪನಿಂದ ಎರಡು ಮಗ್ಗ ಏಗಲಿಲ್ಲ. ಮೊದಲು ಮಗ್ಗ ಮಾರಿದರು. ಮುಂದೆ ಮನೆ ಮಾರಿದರು. ರಬಕವಿಯ ಹಳೆಯ ಓಣಿಯಲ್ಲಿ ಒಂದು ಕೋಣೆ ಹಿಡಿದು ಈರಪ್ಪ ಮತ್ತೆ ಕೂಲಿಯ ಮಗ್ಗಕ್ಕೆ ಹೋದ.

ಇತ್ತ ನಮ್ಮ ಮನೆಯಲ್ಲಿ ಪವಾಡ! ಮಗ್ಗ ಹೋದ ಮೇಲೆ ಮಳೆ ಹಿಡಿಯಿತು, ಎರೆ ನೆಲ ಕುಡಿದು ಉಬ್ಬಿತು, ಬಿರುಕು ಕೂಡಿಕೊಂಡು ಕೂದಲೆಳೆಯಷ್ಟಾಯಿತು. ಅಪ್ಪ ಹೇಳಿದ ಉಸಿರಾಟ ಅದು. ಬಂದವರು ಮಾತ್ರ ಬೆರಗಾಗಿ ನೋಡಿದರು. “ನೋಡ್ರಿ, ಮಗ್ಗ ಹೋತು, ಗ್ವಾಡಿ ಕೂಡಿತು!” ಸಂಘದ ದೂರದೃಷ್ಟಿಗೆ ನಮ್ಮ ಗೋಡೆ ಸಾಕ್ಷಿಯಾಯಿತು. ಮುಂದಿನ ಸಭೆಯಲ್ಲಿ ನನಗೊಂದು ಹಾರ ಹಾಕಿದರು. ನಾನು ಹಾಕಿಸಿಕೊಂಡೆ.

ಮರು ಬೇಸಿಗೆಗೆ ಗೋಡೆ ಮೊದಲಿಗಿಂತ ಅಗಲವಾಗಿ ಬಾಯಿ ಬಿಟ್ಟಿತು. ಹಾಡಹಗಲೇ ಬಾಗಿಲು ಹಾಕಿಕೊಂಡು ನಾನೇ ಸಿಮೆಂಟು ಕಲಸಿ ಮೆತ್ತಿದೆ. ಬುಟ್ಟಿ ಹಿಡಿದು ನಿಂತಿದ್ದ ಕುಸುಮ ಒಂದೇ ಮಾತು ಕೇಳಿದಳು: “ಈಗ ಯಾರ ಮಗ್ಗ ನಡದದರೀ?”

ಇದಕ್ಕಿಂತ ಹೆಚ್ಚು ನನ್ನನ್ನು ಸುಟ್ಟದ್ದು ಈರಪ್ಪನ ಬನ್ನಿ. ಊರು ಬಿಟ್ಟುಹೋದವರ ಹಾಗೆ ಮುಖ ತಿರುಗಿಸಿಕೊಂಡು ಹೋಗಲಿಲ್ಲ ಆ ಮನುಷ್ಯ. ಪ್ರತಿ ದಸರೆಗೆ ಬನ್ನಿ ಎಲೆ ಹಿಡಿದು ನಮ್ಮ ಮನೆಗೆ ಬರುತ್ತಿದ್ದ. “ಬನ್ನಿ ತಗೊಂಡು ಬಂಗಾರದಂಗ ಇರೂಣ್ರೀ” ಎನ್ನುತ್ತಿದ್ದ. ಆಮೇಲೆ ಹೊಸ್ತಿಲ ಒಳಗೆ ಬಂದು, ತಪ್ಪು ಮಾಡಿದ ಹುಡುಗನ ಹಾಗೆ ಗೋಡೆಯ ಕಡೆ ನೋಡಿ ಮೆಲ್ಲಗೆ ಕೇಳುತ್ತಿದ್ದ.

“ಗ್ವಾಡಿ ಹ್ಯಾಂಗೈತ್ರಿ ಈಗ? ಕೂಡೇತ್ರಿ?”

ದಸರೆ ಬರುವುದು ಮಳೆಗಾಲ ಕಳೆದ ಮೇಲೆ. ಗೋಡೆ ಕೂಡಿಯೇ ಇರುತ್ತಿತ್ತು. “ಕೂಡೇದಪ್ಪಾ” ಎನ್ನುತ್ತಿದ್ದೆ. ಅವನಿಗೆ ಹಗುರಾಗುತ್ತಿತ್ತು. ನಾನು ಅವನ ಮುಂದೆ ಎಲೆಅಡಿಕೆಯ ತಾಟು ಸರಿಸುತ್ತಿದ್ದೆ. ಪ್ರತಿ ವರ್ಷ ಅವನೇ ನಡೆದು ಬಂದು ನನಗೊಂದು ಅವಕಾಶ ಕೊಟ್ಟ. ಪ್ರತಿ ವರ್ಷ ಅದನ್ನು ನಾನು ಬಾಗಿಲವರೆಗೆ ಕಳಿಸಿ ಬಂದೆ.

ಈರಪ್ಪ ತೀರಿಕೊಂಡ. ಮಣ್ಣಿಗೆ ಹೋದೆ, ಎಲ್ಲರಂತೆ ಹಿಡಿ ಮಣ್ಣು ಹಾಕಿದೆ. ಅಲ್ಲಿಯೂ ಬಾಯಿ ಬಿಡಲಿಲ್ಲ.

ಈಗ ಯಾಕೆ ಬಿಟ್ಟೆ ಎಂದರೆ — ನಮ್ಮ ಹಿಂದಿನ ಸಾಲಿನಲ್ಲಿ ಹೊಸದಾಗಿ ಬಂದ ಒಂದು ನೇಕಾರ ಕುಟುಂಬ ಮನೆಯ ಹಿತ್ತಲಲ್ಲಿ ಎರಡು ಮಗ್ಗ ಹಾಕಲು ಸಂಘದ ಒಪ್ಪಿಗೆ ಕೇಳಿದೆ. ಸಂಚಿಕೆಯ ಹುಡುಗರು ನನ್ನ ಹತ್ತಿರ ಬಂದದ್ದು ಬರೀ ಚರಿತ್ರೆ ಕೇಳಲಿಕ್ಕಲ್ಲ. “ಕಾಕಾ, ನಿಮ್ಮ ಗ್ವಾಡಿ ಕಥಿ ಜೋರ ಬರೀರಿ. ಅದನ್ನ ಓದಿದ್ರ ಅವರ ಅರ್ಜಿ ಅಲ್ಲೇ ಖಲಾಸ್!” ಎಂದರು. ನನ್ನ ಸುಳ್ಳು ನನಗಿಂತ ಗಟ್ಟಿಮುಟ್ಟಾಗಿ ಬದುಕಿತ್ತು. ಇನ್ನೊಂದು ಮನೆಯವರನ್ನು ಒಕ್ಕಲೆಬ್ಬಿಸಲು ತಯಾರಾಗಿ ನಿಂತಿತ್ತು.

ಮರುದಿನ ರಬಕವಿಗೆ ಹೋದೆ. ಶಾಂತವ್ವ ತನ್ನ ಕೋಣೆಯಲ್ಲಿ ರಾಟಿಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಿಂತೇ ಹೇಳಿಬಿಟ್ಟೆ, ಕುಳಿತರೆ ಸುತ್ತುಬಳಸಿ ಹೇಳಿಯೇನು ಎಂಬ ಅಂಜಿಕೆ. ರಾಟಿ ನಿಂತಿತು.

“ನನಗ ಆವಾಗನ ಸಂಶೆ ಇತ್ತ್ರೀ ಅಣ್ಣಾರ” ಎಂದಳು. “ಬಿರಕಿನಾಗ ಬೆರಳ ಹಾಕಿದಾಗ ಒಳಗ ಜಾಡಾ ಕಟ್ಟಿತ್ತು, ಧೂಳ ಹಿಡದ ಹಳೀ ಜೇಡನ ಬಲಿ. ಇವರಿಗೆ ಹೇಳಿದೆ. ‘ಪೋಸ್ಟಿನ ಅಣ್ಣಾರು ಸುಳ್ಳ ಯಾಕ ಹೇಳ್ಯಾರು, ಸುಮ್ನಿರು’ ಅಂದ್ರು. ಸಾಯೂತನಾ ಅದನ್ನ ಅಂತಿದ್ರು — ದುಡದು ತಿನ್ನಾಕ ಹೋಗಿ ಒಬ್ಬರ ಮನಿ ಕೆಡಿಸಿದ್ವಿ ಅಂತ.”

“ಕ್ಷಮಾ ಮಾಡವಾ ಶಾಂತವ್ವಾ” ಎಂದೆ.

ಅವಳು ನೂಲಿನ ತುದಿ ಹುಡುಕಿ ಕಂಡಿಕೆಗೆ ಸಿಕ್ಕಿಸಿದಳು.

“ನನ್ನ ಪಾಲಿಂದು ನಾ ಮಾಡಬಹುದ್ರಿ. ಅವರ ಪಾಲಿಂದು ನಾ ಹ್ಯಾಂಗ ಮಾಡ್ಲಿ? ಮತ್ತ ಇಲ್ಲಿ ನನ್ನ ಒಬ್ಬಾಕಿ ಮುಂದ ಹೇಳಿದ್ರ ಏನ ಬಂತು? ಮಂದಿ ಮುಂದ ಸುಳ್ಳ ಹೇಳೀರಿ, ಮಂದಿ ಮುಂದನ ಖರೇ ಹೇಳ್ರಿ. ಅವರ ಹೆಸರ ತಗೊಂಡು ಹೇಳ್ರಿ.”

ಹೇಳುತ್ತಿದ್ದೇನೆ. ಈರಪ್ಪ ಯಾರ ಮನೆಯನ್ನೂ ಕೆಡಿಸಲಿಲ್ಲ. ಅವನ ಮನೆಯನ್ನು ಕೆಡಿಸಿದವನು ನಾನು. ವಯಸ್ಸು ಸಣ್ಣದಿತ್ತು, ಬಾಯಿ ತಪ್ಪಿ ಬಂತು, ಗಾಳಿ ಬೀಸಿತು — ಇಂಥ ಮಾತು ನನ್ನ ಹತ್ತಿರ ಬೇಕಾದಷ್ಟಿವೆ, ಕತೆ ಹೇಳುವವನಿಗೆ ಮಾತಿನ ಬರವೇ? ಅವನ್ನು ಇಲ್ಲಿ ತರುವುದಿಲ್ಲ. ಶಾಂತವ್ವ ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ಸರಿಯಾದ ಉತ್ತರ ನನಗೆ ಗೊತ್ತಿತ್ತು.

ಸಂಚಿಕೆಯ ಹುಡುಗರು ಇದನ್ನು ಅಚ್ಚು ಹಾಕಿದರೆ ಒಳ್ಳೆಯದು. ಹಾಕದಿದ್ದರೂ ಬರುವ ಭಾನುವಾರದ ಸಭೆಯಲ್ಲಿ ನಾನೇ ನಿಂತು ಓದುತ್ತೇನೆ, ನಾನು ಬರೆದ ಆ ಠರಾವನ್ನು ರದ್ದು ಮಾಡಿರೆಂದು ನಾನೇ ಕೇಳುತ್ತೇನೆ. ಆಮೇಲೆ ಹೊಸಬರ ಮಗ್ಗದ ಸಪ್ಪಳದ ಬಗ್ಗೆ, ಹೊತ್ತಿನ ಬಗ್ಗೆ, ಎಷ್ಟು ಬೇಕಾದರೂ ಜಗಳಾಡೋಣ. ಅದು ನೆರೆಹೊರೆಯವರ ಜಗಳ, ತೀರುವಂಥದ್ದು.

ಬರುತ್ತೀಯೇನವ್ವ ಎಂದು ಶಾಂತವ್ವನನ್ನು ಕೇಳಿದ್ದೆ. ಅವಳು ಮತ್ತೆ ರಾಟಿ ತಿರುಗಿಸತೊಡಗಿದಳು. ಬರಲಿ, ಬಿಡಲಿ, ಈರಪ್ಪನ ಹೆಸರು ಹಿಡಿದು ನಾನು ಓದುತ್ತೇನೆ.