ಆರ್ವಿಲಾಳ ಪಾಲಿಗೆ ಬಂದ ದೋಣಿ

ಹ್ಯಾರೋಸ್ ಕೋವ್ ಎಂಬ ಮೀನುಗಾರರ ಊರಿನ ಬ್ಯಾಪ್ಟಿಸ್ಟ್ ಸಭೆಯಲ್ಲಿ ಆರ್ವಿಲಾ ಗೋರಮ್ ಮಾಡುವ ಪ್ರಾರ್ಥನೆಯಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗುತ್ತಿರಲಿಲ್ಲ. ಮೊದಲು ಸ್ತುತಿ, ಆಮೇಲೆ ಪಾಪದ ಅರಿಕೆ, ಆಮೇಲೆ ಕೃತಜ್ಞತೆ, ಕೊನೆಗೆ ಬೇಡಿಕೆ. ಸಭೆಯ ಹಿರಿಯನಾಗಿದ್ದ ಅಪ್ಪ ಹೇಳಿಕೊಟ್ಟ ಕ್ರಮವನ್ನು ಆಕೆ ಅರುವತ್ತಮೂರನೆಯ ವಯಸ್ಸಿನಲ್ಲೂ ಬಿಟ್ಟಿರಲಿಲ್ಲ. ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡಿದ ಮೊಣಕಾಲುಗಳು ನೆಲಕ್ಕೆ ಊರಿದರೆ ನೋಯುತ್ತಿದ್ದವು. ಆದರೂ ಊರುತ್ತಿದ್ದಳು. ಕಾಯಿಲೆ ಬಿದ್ದವರ ಪಟ್ಟಿ ಅವಳಿಗೆ ಬಾಯಿಪಾಠ. ಒಂದು ಹೆಸರೂ ತಪ್ಪಿಹೋಗುತ್ತಿರಲಿಲ್ಲ.

ಇಷ್ಟಾದರೂ ನನಗಾಗಿ ಪ್ರಾರ್ಥಿಸು ಎಂದು ಅವಳ ಬಳಿಗೆ ಬಂದವರು ಕಡಿಮೆ. ಎಲ್ಲರೂ ಹೋಗುತ್ತಿದ್ದದ್ದು ಲೋರ್ನಾ ಆಟ್‌ವುಡ್ ಬಳಿಗೆ.

ಲೋರ್ನಾ ಮತ್ತು ಆರ್ವಿಲಾ ಒಂದೇ ಶಾಲೆಯ ಒಂದೇ ಬೆಂಚಿನವರು. ಲೋರ್ನಾಳ ಪ್ರಾರ್ಥನೆಗೆ ತಲೆಬುಡ ಇರಲಿಲ್ಲ. ನಡುವೆ ನಿಂತುಬಿಡುತ್ತಿದ್ದಳು, ಹೆಸರು ಮರೆಯುತ್ತಿದ್ದಳು, ಒಮ್ಮೆಯಂತೂ "ಆ ಕೆಂಪು ಕೂದಲಿನವನು, ಅವನ ಅಮ್ಮ ಗೊತ್ತಲ್ಲ ನಿನಗೆ" ಎಂದು ದೇವರಿಗೇ ಗುರುತು ಹೇಳಿದ್ದಳು. ಜನ ನಕ್ಕಿದ್ದರು. ನಕ್ಕವರೇ ಸಭೆ ಮುಗಿದ ಮೇಲೆ ಅವಳ ಕೈ ಹಿಡಿದು, "ಲೋರ್ನಾ, ನಮ್ಮನೆಯೋರನ್ನ ಸ್ವಲ್ಪ ನೆನೆಸ್ಕೊ" ಎನ್ನುತ್ತಿದ್ದರು. ಆರ್ವಿಲಾ ಆಗ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಬಾಗಿಲ ಬಳಿ ನಿಂತಿರುತ್ತಿದ್ದಳು. ಗುಂಡಿ ಹಾಕಲು ಎಷ್ಟು ಹೊತ್ತು ಹಿಡಿಯಬಹುದೋ ಅಷ್ಟು ಹೊತ್ತು ನಿಲ್ಲುತ್ತಿದ್ದಳು.

ದೊಡ್ಡ ಸಿಗಡಿಯಂಥ ಲಾಬ್‌ಸ್ಟರ್ ಹಿಡಿಯುವ ಹಂಗಾಮು ಶುರುವಾಗುವುದು ನವೆಂಬರಿನ ಕೊನೆಯ ಸೋಮವಾರ, ಮುಗಿಯುವುದು ಮೇ ಕೊನೆಗೆ. ಮೊದಲ ದಿನ ದೋಣಿಗಳು ಅದನ್ನು ಹಿಡಿಯುವ ಬೋನುಗಳನ್ನು ಮನೆಯೆತ್ತರ ಹೇರಿಕೊಂಡು ಹೊರಡುತ್ತವೆ. ಮಗುಚುವ ಭಯ ಹೆಚ್ಚು. ಅದರ ಹಿಂದಿನ ಭಾನುವಾರ ಸಭೆಯ ಹೆಂಗಸರು ಚೌಡರ್ ಸಾರು ಮಾಡುವ ದೊಡ್ಡ ಪಾತ್ರೆಗೆ ಇಪ್ಪತ್ತೊಂದು ದೋಣಿಗಳ ಹೆಸರಿನ ಚೀಟಿ ಹಾಕಿ, ಒಬ್ಬೊಬ್ಬರು ಒಂದೊಂದು ಎತ್ತುತ್ತಾರೆ. ಮನೆಯ ದೋಣಿಯೇ ಬಂದರೆ ಮರಳಿ ಹಾಕಬೇಕು, ಬೇರೆ ಯಾವುದು ಬಂದರೂ ಇಟ್ಟುಕೊಳ್ಳಬೇಕು. ಹಂಗಾಮು ಮುಗಿಯುವವರೆಗೆ ದಿನವೂ ಆ ದೋಣಿಗಾಗಿ ಬೇಡಬೇಕು. ಯಾರ ಪಾಲಿಗೆ ಯಾವುದು ಬಂತೆಂದು ಮೇ ಕೊನೆಗೆ ನಡೆಯುವ ಸಭೆಯ ಊಟದವರೆಗೆ ಗಂಡನಿಗೂ ಹೇಳುವಂತಿಲ್ಲ.

ಆ ಭಾನುವಾರ ಬೆಳಿಗ್ಗೆ ಆರ್ವಿಲಾಳ ಗಂಡ ಮೆರಿಲ್ ಮೀನಿನ ವಡೆಯ ಮೇಲೆ ಉಪ್ಪಿನಕಾಯಿ ಸುರಿದುಕೊಳ್ಳುತ್ತಾ, "ಈ ಸಲ ನಮ್ಮ ದೋಣಿ ಲೋರ್ನಾ ಕೈಗೆ ಸಿಕ್ಕಿದ್ರೆ ಸಾಕಪ್ಪ" ಎಂದ.

ಆರ್ವಿಲಾ ಕೆಟಲ್ ಕೆಳಗಿಟ್ಟಳು. "ಹಾಗಾದ್ರೆ ಮೂವತ್ತೆಂಟು ವರ್ಷದಿಂದ ನಾನು ಮಂಡಿಯೂರಿ ಮಾಡ್ತಿರೋದು ಏನು?"

"ನೀನು ಮಾಡೇ ಮಾಡ್ತೀಯಲ್ಲ ಕಣೆ. ಅದು ಮನೆ ಊಟ ಇದ್ದ ಹಾಗೆ. ಇದ್ದೇ ಇರುತ್ತೆ."

"ಹಾಗಾದ್ರೆ ಇವತ್ತಿಂದ ಅವರ ಮನೇಲೇ ಉಣ್ಣು."

ಮೆರಿಲ್ ನಕ್ಕು ಇನ್ನೊಂದು ವಡೆ ಕೇಳಿದ. ಅವಳು ಬಡಿಸಿದಳು. ಆದರೆ ಆ ಮಾತು ಇಗರ್ಜಿಯವರೆಗೂ ಅವಳ ಜೊತೆಯಲ್ಲೇ ಬಂತು.

ಪಾತ್ರೆಗೆ ಕೈ ಹಾಕಿ ಎತ್ತಿದ ಚೀಟಿಯನ್ನು ಆಕೆ ಕಿಟಕಿಯ ಬಳಿ ಬಿಚ್ಚಿದಳು. 'ಲೋರ್ನಾ ಮೇ' ಎಂದಿತ್ತು. ಅದು ಲೋರ್ನಾಳ ಗಂಡ ಕಾರ್ಲೈಲನ ದೋಣಿ. ಮದುವೆಯಾದ ವರ್ಷವೇ ಹೆಂಡತಿಯ ಪೂರ್ತಿ ಹೆಸರನ್ನು ಎರಡು ಕಡೆಯೂ ದಪ್ಪ ಅಕ್ಷರದಲ್ಲಿ ಬರೆಸಿದ್ದ. ಮೆರಿಲನ ದೋಣಿಯ ಹೆಸರು 'ಏಡಾ ರುತ್': ಏಡಾ ಅವನ ತಾಯಿ, ರುತ್ ಅವನ ತಂಗಿ. ಮೂರನೆಯ ಹೆಸರು ಬರೆಯಲು ಹಲಗೆಯಲ್ಲಿ ಜಾಗವಿಲ್ಲ ಎಂದಿದ್ದ.

ಅಂತೂ ಇನ್ನು ಆರು ತಿಂಗಳು ದಿನಾ ಬೆಳಿಗ್ಗೆ ಮೊಣಕಾಲೂರಿ ಲೋರ್ನಾಳ ಹೆಸರು ಹೇಳಬೇಕು.

ಸೋಮವಾರ ಬೆಳಿಗ್ಗೆ ಊರೆಲ್ಲ ಧಕ್ಕೆಯ ಮೇಲೆ ನಿಂತು ದೋಣಿಗಳನ್ನು ಕಳಿಸಿಕೊಟ್ಟಿತು. ಆರ್ವಿಲಾ ಮನೆಗೆ ಬಂದು ಒಲೆಗೆ ಕಟ್ಟಿಗೆ ತುಂಬಿ, ಅಡುಗೆಮನೆಯ ಕುರ್ಚಿಗೆ ಮೊಣಕೈ ಊರಿ ಬಾಗಿದಳು. ಏಡಾ ರುತ್‌ಗಾಗಿ ಒಳ್ಳೆಯ ಗಾಳಿ ಕೇಳಿದಳು, ತುಂಬಿದ ಕ್ರೇಟುಗಳನ್ನು ಕೇಳಿದಳು, ಕೆಲಸದ ಹುಡುಗರ ಕೈಕಾಲು ಹಗ್ಗಕ್ಕೆ ಸಿಕ್ಕಿಕೊಳ್ಳದಿರಲೆಂದು ಕೇಳಿದಳು. ಆಮೇಲೆ, "ನನ್ನ ಪಾಲಿಗೆ ಬಂದ ದೋಣಿಯವರು ಕ್ಷೇಮವಾಗಿ ವಾಪಸು ಬರಲಿ" ಎಂದು ಎದ್ದಳು.

ಇದರಲ್ಲಿ ತಪ್ಪೇನೂ ಇರಲಿಲ್ಲ. ಕ್ಷೇಮಕ್ಕಿಂತ ದೊಡ್ಡ ಬೇಡಿಕೆ ಯಾವುದಿದೆ? ಅವರು ಮನೆ ಸೇರಲಿ, ಅಷ್ಟೆ. ಉಳಿದದ್ದನ್ನು ಬೇಕೆಂದೇ ಬಿಟ್ಟಳು. ಲೋರ್ನಾಗೆ ಈಗಾಗಲೇ ಬೇಕಾದಷ್ಟಿದೆ ಎಂಬುದು ಅವಳ ಲೆಕ್ಕ. ಮಾರನೆಯ ದಿನವೂ ಅಷ್ಟೇ ಕೇಳಿದಳು, ಅದರ ಮಾರನೆಯ ದಿನವೂ ಅಷ್ಟೇ. ದೋಣಿಯ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

ಕೇಳಿದ್ದು ಕೇಳಿದ ಹಾಗೇ ನಡೆಯತೊಡಗಿತು. ಲೋರ್ನಾ ಮೇ ಪ್ರತಿದಿನವೂ ಕ್ಷೇಮವಾಗಿ ವಾಪಸಾಗುತ್ತಿತ್ತು. ಬರುವಾಗ ಹೆಚ್ಚುಕಡಿಮೆ ಬರಿದಾಗಿರುತ್ತಿತ್ತು. ಡಿಸೆಂಬರಿನಲ್ಲಿ ಪ್ರೊಪೆಲ್ಲರಿಗೆ ಹಗ್ಗ ಸುತ್ತಿಕೊಂಡು ಒಂದು ವಾರ ಧಕ್ಕೆಯಲ್ಲೇ ನಿಂತಿತು. ಜನವರಿಯ ಬಿರುಗಾಳಿಯಲ್ಲಿ ಎಲ್ಲರ ಬೋನುಗಳೂ ಅಷ್ಟಿಷ್ಟು ಹೋದವು, ಕಾರ್ಲೈಲನವಂತೂ ಅರುವತ್ತು ಹೋದವು. ಏಡಾ ರುತ್ ಮಾತ್ರ ನೀರಿನ ಗೆರೆ ಮುಳುಗುವಷ್ಟು ಭಾರವಾಗಿ ಬರುತ್ತಿತ್ತು.

ಅಡುಗೆಮನೆಯ ರೇಡಿಯೊದಲ್ಲಿ ದೋಣಿಯವರು ಒಬ್ಬರಿಗೊಬ್ಬರು ಮಾತಾಡುವುದು ಕೇಳುತ್ತಿತ್ತು. "ಕಾರ್ಲೈಲ್, ಏನಯ್ಯ ಇವತ್ತು?" ಎಂದು ಒಬ್ಬ.

"ಏನಿಲ್ಲ. ಬೋನಿಗೆ ಇಟ್ಟ ಮೀನನ್ನೂ ತಿಂದು ಹೋಗಿದಾವೆ."

"ನಿನ್ನ ಚೀಟಿ ಎತ್ತಿದೋಳು ಎಲ್ಲೋ ನಿದ್ದೆ ಹೊಡೀತಿದಾಳೆ ಕಣೋ."

ಆರ್ವಿಲಾ ರೇಡಿಯೊ ಸಣ್ಣ ಮಾಡಿದಳು. ಅವಳಿಗೆ ಭಯವಾಯಿತು. ಭಯದ ಜೊತೆಗೆ ಇನ್ನೊಂದೂ ಇತ್ತು, ಅದನ್ನು ಅವಳು ಗುರುತಿಸದೆ ಇರಲಿಲ್ಲ. ಜನ್ಮದಲ್ಲಿ ಮೊದಲ ಸಲ ತನ್ನ ಪ್ರಾರ್ಥನೆಗೆ ಕೈಕಾಲು ಬಂದಂತೆ ಅನಿಸಿತ್ತು.

ಆ ಸಂತೋಷವನ್ನೂ ಮೆರಿಲ್ ಉಳಿಸಲಿಲ್ಲ. ಬೂಟು ಕಳಚುತ್ತಾ, "ನೋಡಿದ್ಯಾ, ಇವತ್ತೂ ತುಂಬಿತು. ಲೋರ್ನಾನೇ ನಮ್ಮ ಚೀಟಿ ಎತ್ತಿರೋದು, ಬರೆದಿಟ್ಕೊ" ಎಂದ.

"ಅವಳ ಗಂಡನ ದೋಣಿ ಬರಿದು."

"ಅವಳು ತನಗೆ ಅಂತ ಕೇಳ್ಕೊಳ್ಳೋ ಪೈಕಿ ಅಲ್ಲ. ಅದಕ್ಕೇ ಅವಳ ಮಾತು ನಡೆಯೋದು."

ಮಾರ್ಚಿನ ಒಂದು ಮಧ್ಯಾಹ್ನ ಲೋರ್ನಾ ತಾನಾಗಿಯೇ ಆರ್ವಿಲಾಳ ಮನೆಗೆ ಬಂದಳು. ಮುಖ ಇಳಿದಿತ್ತು. ಚಹಾ ಮುಂದಿಟ್ಟರೂ ಮುಟ್ಟಲಿಲ್ಲ.

"ಆರ್ವಿಲಾ, ನೀನು ಕ್ರಮವಾಗಿ ಪ್ರಾರ್ಥನೆ ಮಾಡೋಳು. ನನ್ನ ಹಾಗಲ್ಲ. ಒಂದು ಕೇಳ್ತೀನಿ."

"ಕೇಳು."

"ಮೇ ಕೊನೆಗೆ ದೋಣಿ ಮಾರಿಬಿಡ್ತೀನಿ ಅಂತಿದಾನೆ ಕಾರ್ಲೈಲ್. ಮಾರಿದ್ರೆ ಆ ಮನುಷ್ಯ ಉಳಿಯಲ್ಲ ಕಣೆ. ನಮ್ಮ ಚೀಟಿ ಯಾರ ಹತ್ರ ಇದೆಯೋ, ಅವರು ಪಾಪ, ಪ್ರಾರ್ಥನೆ ಮಾಡ್ತಾನೇ ಇರ್ತಾರೆ. ತಪ್ಪು ನನ್ನದೇ. ನಾನೇನು ಮಾಡಿದೀನಿ ಅಂತ ದಿನಾ ಹುಡುಕ್ತಿದೀನಿ, ಸಿಗ್ತಿಲ್ಲ. ದೇವರು ಮುನಿಸ್ಕೊಂಡಿದಾನೆ. ಈಗ ಬಾಯಿ ತೆಗೆದ್ರೆ ಮಾತೇ ಬರಲ್ಲ ನನಗೆ. ನನ್ನ ಬದಲು ನೀನು ಕೇಳ್ತೀಯಾ?"

ಎಷ್ಟೋ ವರ್ಷಗಳಿಂದ ಆರ್ವಿಲಾ ಕಾದದ್ದು ಇಂಥದೊಂದು ಕೋರಿಕೆಗೆ, ಅದೂ ಈ ಬಾಯಿಯಿಂದ. ಬಂದಾಗ ಅವಳು ತಣ್ಣಗಾದ ಚಹಾ ಚೆಲ್ಲಿ ಬೇರೆ ಬಗ್ಗಿಸಿದಳು. "ಕೇಳ್ತೀನಿ" ಎಂದಷ್ಟೇ ಹೇಳಿದಳು.

ಮರುದಿನ ಕುರ್ಚಿಗೆ ಒರಗಿ, ಮೊದಲ ಬಾರಿಗೆ ಗಟ್ಟಿಯಾಗಿ "ಲೋರ್ನಾ ಮೇ" ಎಂದಳು. ಮುಂದಕ್ಕೆ ಏನೂ ಬರಲಿಲ್ಲ. ಏನು ಕೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಆ ದೋಣಿಯಲ್ಲಿ ಕೆಲಸಕ್ಕೆ ಹೋಗುವವರು ಯಾರು, ಎಷ್ಟು ಬೋನು ಉಳಿದಿವೆ, ಕಾರ್ಲೈಲ್ ಹೇಗಿದ್ದಾನೆ, ಒಂದೂ ತಿಳಿಯದು. ನಾಲ್ಕು ತಿಂಗಳು ಒಂದು ದೋಣಿಗಾಗಿ ಬೇಡಿ, ಅದರ ಕಡೆ ಒಮ್ಮೆ ಕಣ್ಣೆತ್ತಿಯೂ ನೋಡಿರಲಿಲ್ಲ. ಎದ್ದು ಕೋಟು ಹಾಕಿಕೊಂಡು ಕಾರ್ಲೈಲನ ಶೆಡ್ಡಿಗೆ ಹೋದಳು.

ಅವನು ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬೋನಿನ ಒಳಬಲೆ ಹೆಣೆಯುತ್ತಿದ್ದ. ಒಳಬಲೆ ಬಿಗಿಯಾಗಿದ್ದರೆ ಮಾತ್ರ ಒಳಗೆ ಹೋದ ಲಾಬ್‌ಸ್ಟರ್ ಹೊರಗೆ ಬರುವುದಿಲ್ಲ. ಇವನು ಹೆಣೆದದ್ದು ಹಳೆಯ ಕಾಲುಚೀಲದಂತೆ ಜೋತಾಡುತ್ತಿತ್ತು.

"ಯಾರು ಕಲಿಸಿದ್ರು ನಿನಗೆ ಇದನ್ನ?" ಎಂದಳು ಆರ್ವಿಲಾ.

"ಹೆಣೀತಿದ್ದೋಳು ನಮ್ಮಕ್ಕ. ಅವಳು ತೀರ್ಕೊಂಡ್ಳಲ್ಲ ಹೋದ ವರ್ಷ."

"ಇದರೊಳಗೆ ಹೋದ ಲಾಬ್‌ಸ್ಟರ್ ಊಟ ಮಾಡಿ, ಕೈ ತೊಳ್ಕೊಂಡು, ಹೊರಗೆ ಹೋಗುತ್ತೆ. ದಾರ ಕೊಡು."

ಹ್ಯಾರೋಸ್ ಕೋವಿನಲ್ಲಿ ಆರ್ವಿಲಾಳಷ್ಟು ಬಿಗಿಯಾಗಿ ಒಳಬಲೆ ಹೆಣೆಯುವವರು ಇನ್ನೊಬ್ಬರಿರಲಿಲ್ಲ. ಮೂರು ವಾರದಲ್ಲಿ ಅರುವತ್ತು ಬೋನುಗಳಿಗೆ ಹೆಣೆದುಕೊಟ್ಟಳು. ಹೆಣೆಯುತ್ತಾ ಬೇಡಿದಳು: ಕಾರ್ಲೈಲನ ಮಣಿಕಟ್ಟಿಗಾಗಿ, ಹಳೆಯ ಎಂಜಿನ್ನಿಗಾಗಿ, ಲೋರ್ನಾಳ ಬಾಯಿಗೆ ಮಾತು ಮರಳಲೆಂದು. ಕೊನೆಯದನ್ನು ಹೇಳುವಾಗ ಪ್ರತಿ ಸಲವೂ ಹಲ್ಲು ಕಚ್ಚಬೇಕಾಗುತ್ತಿತ್ತು. ಪ್ರೀತಿ ಹುಟ್ಟಿತು ಎಂದರೆ ಸುಳ್ಳಾದೀತು. ಉಪಕಾರಕ್ಕೆಂದು ಲೋರ್ನಾ ಸೇಬಿನ ಪೈ ತಂದುಕೊಟ್ಟಾಗ, ಅದರ ಮೇಲುಪದರ ತನ್ನದಕ್ಕಿಂತ ಚೆನ್ನಾಗಿ ಬೆಂದಿದೆ ಎಂದು ಆರ್ವಿಲಾಳ ಹೊಟ್ಟೆ ಉರಿಯಿತು. ಆದರೆ ಉರಿಯುವಾಗ ಅದಕ್ಕೆ ಹೊಟ್ಟೆಕಿಚ್ಚು ಎಂಬ ಹೆಸರನ್ನೇ ಕೊಟ್ಟಳು. ಮೊದಲಾಗಿದ್ದರೆ ಅದನ್ನು ನ್ಯಾಯ ಎನ್ನುತ್ತಿದ್ದಳು.

ಪವಾಡವೇನೂ ನಡೆಯಲಿಲ್ಲ. ಏಪ್ರಿಲಿನಲ್ಲಿ ನೀರು ಬೆಚ್ಚಗಾದ ಮೇಲೆ ಎಲ್ಲರಿಗೂ ಸಿಗುವಂತೆ ಲೋರ್ನಾ ಮೇಗೂ ಸಿಕ್ಕಿತು. ಕಾರ್ಲೈಲ್ ಮಾರುವ ಮಾತು ನಿಲ್ಲಿಸಿದ. ಲೋರ್ನಾ ಮತ್ತೆ ಸಭೆಯಲ್ಲಿ ಬಾಯಿ ತೆಗೆದಳು, ಮತ್ತೆ ಹೆಸರು ಮರೆತಳು. ಇನ್ನು ಆರ್ವಿಲಾ ಸುಮ್ಮನಿರಬಹುದಿತ್ತು. ಊಟದ ದಿನ ಎದ್ದು ದೋಣಿಯ ಹೆಸರು ಹೇಳಿ ಕೂತರೆ, ಬರಿದಾಗಿದ್ದ ದೋಣಿಯನ್ನು ಕಾಪಾಡಿದವಳು ಎಂಬ ಹೆಸರೂ ಬರುತ್ತಿತ್ತು. ಅವಳು ಕಾದದ್ದೇ ಆ ಹೆಸರಿಗಾಗಿ. ಆದರೆ ದೇವರು ಮುನಿದಿದ್ದಾನೆಂದು ಲೋರ್ನಾ ಇನ್ನೂ ನಂಬಿದ್ದಳು.

ಮೇ ಕೊನೆಯ ಶನಿವಾರ ಇಗರ್ಜಿಯ ಕೆಳಗಿನ ಕೋಣೆಯಲ್ಲಿ ಹುರುಳಿಕಾಯಿ ಬೀಜದ ಪಲ್ಯ, ಕಂದು ಬ್ರೆಡ್ಡು, ಲಾಬ್‌ಸ್ಟರ್. ಹೆಂಗಸರು ಒಬ್ಬೊಬ್ಬರಾಗಿ ಎದ್ದು ತಮ್ಮ ಪಾಲಿನ ದೋಣಿಯ ಹೆಸರು ಹೇಳತೊಡಗಿದರು. ಲೋರ್ನಾ ಎದ್ದಾಗ ಮೆರಿಲ್ ಹೆಂಡತಿಯನ್ನು ಮೊಣಕೈಯಿಂದ ತಿವಿದ. ಲೋರ್ನಾ ಹೇಳಿದ್ದು ಪಾಸ್ಟರರ ಭಾವಮೈದುನನ ದೋಣಿಯ ಹೆಸರು. ಮೆರಿಲನ ಚಮಚ ಅಲ್ಲೇ ನಿಂತಿತು.

ಎಂಬತ್ತೆಂಟರ ಜಿಲ್ಪಾ ಪೆನ್ನಿ ಕೋಲೂರಿ ಎದ್ದಳು. "ನಂದು ಮೆರಿಲನ ದೋಣಿ. ಏಡಾ ರೋಸ್."

"ರುತ್ ಅಜ್ಜಿ, ಏಡಾ ರುತ್" ಎಂದ ಮೆರಿಲ್.

"ಹೌದಾ? ಚಳಿಗಾಲ ಪೂರ್ತಿ ರೋಸ್ ಅಂತಾನೇ ಹೇಳಿದೆನಲ್ಲಪ್ಪ. ಹೋಗ್ಲಿ ಬಿಡು, ದೇವರಿಗೆ ಅರ್ಥ ಆಗಿರುತ್ತೆ."

ಕೋಣೆಯೆಲ್ಲ ನಕ್ಕಿತು. ಆರ್ವಿಲಾಳೂ ನಕ್ಕಳು, ಬಹಳ ದಿನದ ಮೇಲೆ, ಮನಸಾರೆ. ನಗು ಮುಗಿಯುವುದರೊಳಗೆ ಅವಳ ಸರದಿ ಬಂತು.

"ನನ್ನದು ಲೋರ್ನಾ ಮೇ" ಎಂದಳು. ಕಾರ್ಲೈಲ್ ಮೇಜು ತಟ್ಟಿದ. ಅವಳು ಕೂರಲಿಲ್ಲ. "ಮಾರ್ಚಿನವರೆಗೆ ಅವರು ಕ್ಷೇಮವಾಗಿ ಬರಲಿ ಅಂತ ಮಾತ್ರ ಕೇಳಿದೆ. ಬೇರೆ ಏನೂ ಕೇಳಲಿಲ್ಲ. ಕೇಳೋಕೆ ಮನಸ್ಸಿರಲಿಲ್ಲ. ಲೋರ್ನಾ ಕಂಡ್ರೆ ನನಗೆ ಹೊಟ್ಟೆಕಿಚ್ಚು. ದೇವರು ನಿನ್ನ ಮೇಲೆ ಮುನಿಸ್ಕೊಂಡಿರಲಿಲ್ಲ ಲೋರ್ನಾ. ಅದು ನಾನು."

ಲೋರ್ನಾಳ ಮುಖ ಕೆಂಪಾಯಿತು.

"ನೀನಾ?" ಎಂದಳು. "ಗಾಳಿ ನಿನ್ನ ಮಾತು ಕೇಳುತ್ತೆ ಅಂತ ಯಾವತ್ತಿಂದ ಅಂದ್ಕೊಂಡಿದೀಯ ನೀನು? ಅದು ಎಲ್ಲರ ಬೋನನ್ನೂ ತಗೊಂಡು ಹೋಯ್ತು. ನೀನು ಕೇಳದೆ ಹೋದ್ರೆ ಕೊಡದೆ ಇರೋಷ್ಟು ಬಡವನಾ ದೇವರು?"

ಆರ್ವಿಲಾ ಈ ಉತ್ತರಕ್ಕೆ ತಯಾರಾಗಿರಲಿಲ್ಲ. ಬೈಗುಳಕ್ಕೆ ತಯಾರಾಗಿದ್ದಳು, ಕ್ಷಮೆಗೂ ತಯಾರಾಗಿದ್ದಳು.

"ನನಗೆ ನೋವಾಗಿರೋದು ಬೋನಿಗಲ್ಲ" ಎಂದಳು ಲೋರ್ನಾ, ತಗ್ಗಿದ ದನಿಯಲ್ಲಿ. "ನಮಗೆ ಒಳ್ಳೇದಾಗೋದು ಬೇಡ ಅಂತ ದಿನಾ ಮಂಡಿಯೂರಿ ಕೂತಿದ್ದೆಯಲ್ಲ, ಅದಕ್ಕೆ." ತಟ್ಟೆ ಎತ್ತಿಕೊಂಡು ಆಚೆಯ ಮೇಜಿಗೆ ಹೋಗಿ ಕೂತಳು.

ಮನೆಗೆ ನಡೆಯುವಾಗ ಮೆರಿಲ್, "ಹೇಳದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದ.

"ಗೊತ್ತಾಗ್ತಿರಲಿಲ್ಲ" ಎಂದಳು ಆರ್ವಿಲಾ. ಸ್ವಲ್ಪ ದೂರ ಹೋದ ಮೇಲೆ, "ಜಿಲ್ಪಾ ಅಜ್ಜಿಗೆ ನಾಲ್ಕು ಲಾಬ್‌ಸ್ಟರ್ ಕೊಟ್ಟು ಬಾ" ಎಂದಳು.

ಜೂನ್ ಒಂದರಂದು ದೋಣಿಗಳೆಲ್ಲ ಕಟ್ಟಿಹಾಕಿದ್ದವು. ಪ್ರಾರ್ಥಿಸಲೇಬೇಕೆಂಬ ನಿಯಮ ಮುಗಿದಿತ್ತು. ಆದರೂ ಆರ್ವಿಲಾ ಕುರ್ಚಿಗೆ ಬಾಗಿ, "ಲೋರ್ನಾ" ಎಂದಳು. ಇವಳಿಗೆ ಈಗ ಏನು ಬೇಕು ಎಂದು ತಿಳಿಯಲಿಲ್ಲ. ಊಹಿಸಿ ಕೇಳುವ ಧೈರ್ಯ ಅವಳಿಗೆ ಇನ್ನಿರಲಿಲ್ಲ. ಎದ್ದು ಲೋರ್ನಾಳ ಮನೆಯವರೆಗೆ ನಡೆದು ಬಾಗಿಲು ತಟ್ಟಿದಳು.

ಲೋರ್ನಾ ಬಾಗಿಲು ತೆರೆದಳು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು.

"ಏನು?"

"ನಿನಗೋಸ್ಕರ ಏನು ಕೇಳಬೇಕು ಅಂತ ಗೊತ್ತಾಗಲಿಲ್ಲ. ಕೇಳಿಕೊಂಡು ಹೋಗೋಣ ಅಂತ ಬಂದೆ."

ಲೋರ್ನಾ ಹೊರಗಿನ ಮಂಜನ್ನು ನೋಡಿದಳು, ಆರ್ವಿಲಾಳ ಕಾಲನ್ನು ನೋಡಿದಳು.

"ಬೂಟು ಬಿಚ್ಚಿ ಬಾ. ಈಗಷ್ಟೇ ನೆಲ ಒರೆಸಿದೀನಿ."