ಹಾಸನದವರೆಗೆ ಹದಿಮೂರರ ಮಗ್ಗಿ

ಬೆಳಿಗ್ಗೆ ಏಳಕ್ಕೆ ಚನ್ನರಾಯಪಟ್ಟಣದಲ್ಲಿ ಹಾಸನದ ಬಸ್ಸು ಹತ್ತಿದೆವು. ನಾನು ನಿವೃತ್ತ ಲೆಕ್ಕದ ಮೇಷ್ಟ್ರು. ಜೊತೆಗೆ ಎಂಟು ವರ್ಷದ ಮೊಮ್ಮಗಳು ಚೈತ್ರ. ಸರ್ಕಾರದ ಕೃಪೆಯಿಂದ ಅವಳ ಟಿಕೆಟ್ಟಿಗೆ ಕಾಸಿಲ್ಲ. ಗಂಡಸಾಗಿ ಹುಟ್ಟಿದ ತಪ್ಪಿಗೆ ನಾನು ತೆತ್ತೆ.

ಒಂದು ವರ್ಷದಿಂದ ಅವಳ ತುಟಿಯ ಬಲಗೊನೆ ಆಗಾಗ ಎಳೆಯುತ್ತದೆ, ಕೈ ಅದುರುತ್ತದೆ. ಪ್ರಜ್ಞೆ ತಪ್ಪುವುದಿಲ್ಲ, ನಾವು ಹೇಳಿದ್ದೆಲ್ಲ ಕೇಳುತ್ತದೆ, ಮಾತು ಮಾತ್ರ ಹೊರಡದು. ಮಿದುಳಿನ ಒಂದು ಭಾಗದಲ್ಲಷ್ಟೇ ಏಳುವ ಮೂರ್ಛೆರೋಗವಂತೆ. ಎರಡು ಬಗೆಯ ಮಾತ್ರೆಗೂ ಅದು ಸೊಪ್ಪು ಹಾಕಲಿಲ್ಲ. ವಯಸ್ಸಿಗೆ ಬರುವಾಗ ತಾನಾಗಿ ಬಿಟ್ಟುಹೋಗುವ ಜಾತಿಯೂ ಇದರಲ್ಲಿ ಉಂಟು. ಇದು ಅದೋ ಅಲ್ಲವೋ ಎಂದು ನಿದ್ದೆಯಲ್ಲಿ ತೆಗೆಯುವ ಇಇಜಿಯ, ಅಂದರೆ ಮಿದುಳಿನ ವಿದ್ಯುತ್ತಿನ, ಗೆರೆಗಳು ಹೇಳಬೇಕು. ಅದಕ್ಕೇ ಅಪ್ಪಣೆಯಾಗಿತ್ತು: ತಲೆಗೆ ಎಣ್ಣೆ ಕೂಡದು, ಅಲ್ಲಿ ಬೇಗ ನಿದ್ದೆ ಹತ್ತಲೆಂದು ರಾತ್ರಿ ಅರೆನಿದ್ದೆ, ಹಾಸನ ತಲುಪುವವರೆಗೆ ತೂಕಡಿಕೆಯೂ ಕೂಡದು. ಈ ರಾಜಕಾರ್ಯ ನನ್ನ ಪಾಲಿಗೆ ಬಂತು.

ಶಾಂತಿಗ್ರಾಮದ ಹೊತ್ತಿಗೆ ಮಗು ವಾಲಿತು. ಭುಜ ಅಲ್ಲಾಡಿಸಿ ಹದಿಮೂರರ ಮಗ್ಗಿ ಕೇಳಿದೆ. ಮುಂದಿನ ಸೀಟಿನ ಹೆಂಗಸು ತಿರುಗಿದಳು.

"ಯಾಕ್ ಸಾ ಮಗೀನ್ ಇಂಗ್ ಗೋಳುಯ್ಕತೀರಿ? ಮನಿಕ್ಕಳ್ಳಿ ಬುಡಿ. ತಲೇಲಿ ಒಂದ್ ತೊಟ್ಟು ಎಣ್ಣೆ ಇಲ್ಲ, ಮನೇಲಿ ಎಂಗಸ್ರಿಲ್ವಾ?"

"ಡಾಕ್ಟ್ರು ಹೇಳಿದ್ದಾರಮ್ಮ."

"ಅದ್ಯಾವ್ ಡಾಕ್ಟ್ರು ಸಾ, ಮಗ್ಗಿ ಬರ್ಕೊಟ್ಟೋನು?"

ಬಸ್ಸೆಲ್ಲ ನಕ್ಕಿತು. ಚೈತ್ರಳೂ ನಕ್ಕಳು, ನಿದ್ದೆ ಹಾರಿತು. ಆ ತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆಸ್ಪತ್ರೆಯಲ್ಲಿ ತಲೆ ತುಂಬ ತಂತಿ ಅಂಟಿಸಿದರು. ಎರಡೇ ನಿಮಿಷಕ್ಕೆ ಗೊರಕೆ. ಇಡೀ ಸೇವಾವಧಿಯಲ್ಲಿ ನಾನು ಇಷ್ಟು ಹೆಮ್ಮೆಪಟ್ಟದ್ದಿಲ್ಲ.

ಡಾಕ್ಟರಮ್ಮ ಗೆರೆಗಳ ಮೇಲೆ ಪೆನ್ನಿಟ್ಟರು. ಎಡಗಡೆಯ ಒಂದೇ ಜಾಗದಲ್ಲಿ, ಮತ್ತೆ ಮತ್ತೆ, ಮುಳ್ಳಿನಂಥ ಅಲೆಗಳು.

"ಮೇಷ್ಟ್ರೇ, ಇದು ವಯಸ್ಸಿಗೆ ಹೋಗೋ ಜಾತಿ ಅಲ್ಲ. ಹೋದ ಸಲ ಮಿದುಳಿನ ಸ್ಕ್ಯಾನಲ್ಲಿ ಕಂಡ ಕಲೆ ಹತ್ರಾನೇ ಏಳ್ತಿದೆ."

"ಬೇರೆ ಮಾತ್ರೆ?"

"ಕೊಡ್ತೀನಿ. ಎರಡಕ್ಕೆ ಬಗ್ಗದೆ ಇದ್ದದ್ದು ಮೂರನೇದಕ್ಕೆ ನಿಲ್ಲೋದು ಕಮ್ಮಿ."

"ಆಪರೇಷನ್ನು?"

"ಮಾತಿನ ಜಾಗಕ್ಕೆ ಅಂಟ್ಕೊಂಡಿದೆ. ದೊಡ್ಡ ಆಸ್ಪತ್ರೇಲಿ ಒಮ್ಮೆ ತೋರಿಸಿ. ನಾನು ಆಸೆ ಹುಟ್ಟಿಸಲ್ಲ."

ಹೋಟೆಲಿನಲ್ಲಿ ಅವಳು ಮಸಾಲೆ ದೋಸೆ ಮುಗಿಸಿದಳು. ನನ್ನದು ಹಾಗೇ ಆರಿತು.

ಮಧ್ಯಾಹ್ನದ ಬಸ್ಸಿನಲ್ಲಿ, "ಈಗ ನಿದ್ದೆ ಮಾಡ್ಬೋದಾ ತಾತ?" ಎಂದಳು.

"ಮಾಡವ್ವ. ಇನ್ನು ಯಾರ ತಕರಾರೂ ಇಲ್ಲ."

ನಿದ್ದೆ ಬರಲಿಲ್ಲ. "ಮಗ್ಗಿನಾದ್ರೂ ಕೇಳು," ಎಂದಳು.

"ಹದಿಮೂರಾರ್ಲಿ?"

ತುಟಿಯ ಬಲಗೊನೆ ಎಳೆಯತೊಡಗಿತ್ತು. ಕಣ್ಣು ನನ್ನ ಮೇಲೇ ನೆಟ್ಟಿತ್ತು. ಅದುರುವ ಕೈ ಹಿಡಿದು ಕಾದೆ. ಶಾಂತಿಗ್ರಾಮ ಬಂತು, ಹೋಯಿತು.

"ಎಪ್ಪತ್ತೆಂಟು," ಎಂದಳು.

ಉತ್ತರ ಸರಿಯಾಗಿತ್ತು. ಶಭಾಷ್ ಅನ್ನಬೇಕಿತ್ತು, ನನಗೆ ಮಾತು ಹೊರಡಲಿಲ್ಲ.