ಪಕ್ಕಕ್ಕೆ ತಿರುಗಿದ ತೋಪು

ನನ್ನ ತಮ್ಮ ಮಿಲಿಟರಿಯಲ್ಲಿ ಟ್ಯಾಂಕ್ ಓಡಿಸುತ್ತಿದ್ದ. ನಾನು ಚಳ್ಳಕೆರೆಯಲ್ಲಿ, ಬಳ್ಳಾರಿ ರಸ್ತೆಯ ಒಂದು ಶೆಡ್ಡಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದೆ. ಒಂದು ಸಲ ರಜೆಗೆ ಬಂದಾಗ ಅವನು ಟ್ರಂಕಿನ ತಳದಿಂದ ಒಂದು ರಟ್ಟಿನ ಡಬ್ಬಿ ತೆಗೆದು ನನ್ನ ಮುಂದಿಟ್ಟ. ಡಬ್ಬಿಯ ಮೇಲೆ ಧೂಳೆಬ್ಬಿಸಿಕೊಂಡು ಬರುವ ಟ್ಯಾಂಕಿನ ಚಿತ್ರವಿತ್ತು. ಒಳಗೆ ಹಸಿರು ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವುಗಳ ತುಂಬ ಅಂಗೈಯಗಲದಿಂದ ಹಿಡಿದು ಸಾಸಿವೆ ಕಾಳಿನ ಗಾತ್ರದವರೆಗಿನ ಬಿಡಿಭಾಗಗಳು. ಒಂದೊಂದನ್ನೂ ಬ್ಲೇಡಿನಿಂದ ಬಿಡಿಸಿ ಅಂಟಿಸುತ್ತ ಹೋದರೆ ಟ್ಯಾಂಕು ಆಗುತ್ತದೆಯಂತೆ.

"ನಾನು ಓಡ್ಸೋದು ಇದೇ ಗಾಡಿ ಅಣ್ಣ. ನೀನು ಜೋಡ್ಸಿ ಬಣ್ಣ ಹೊಡೆದಿಟ್ಟಿರು. ಮುಂದಿನ ರಜೆಗೆ ಬಂದು ನೋಡ್ತೀನಿ," ಎಂದ.

ಅವ್ವ ಅಡಿಗೆಮನೆಯಿಂದ ಇಣುಕಿ ನಕ್ಕಳು. "ಮೀಸೆ ಬಂದೋನಿಗೆ ಆಟದ ಸಾಮಾನು ತಂದೀಯಲ್ಲೋ ನಾಯ್ನಾ." ಅವಳ ತವರು ಆಂಧ್ರದ ಗಡಿಗಂಟಿದ ರಾಂಪುರದ ಕಡೆ. ಅಲ್ಲಿನ ತೆಲುಗು ಅವಳ ನಾಲಗೆಯಿಂದ ಹೋಗಿರಲಿಲ್ಲ. ನಮ್ಮಿಬ್ಬರನ್ನೂ ನಾಯ್ನಾ ಎಂದೇ ಕರೆಯುತ್ತಿದ್ದಳು.

ಅವಳು ಮತ್ತೆ ಒಲೆಯ ಕಡೆ ತಿರುಗಿದ ಮೇಲೆ ಅವನು ಡಬ್ಬಿಯ ಚಿತ್ರದ ಮೇಲೆ ಬೆರಳಿಟ್ಟು ತಾನು ಕೂರುವ ಜಾಗ ತೋರಿಸಿದ. ಗಾಡಿಯ ಮುಂಭಾಗದ ನಟ್ಟನಡುವೆ, ಉದ್ದನೆಯ ತೋಪಿನ ಕೆಳಗೆ, ಒಂದು ಚಿಕ್ಕ ಮುಚ್ಚಳ. "ತೋಪು ನೆಟ್ಟಗೆ ನನ್ ತಲೆ ಮ್ಯಾಲೆ ಬಗ್ಗಿ ನಿಂತುಬಿಟ್ರೆ ಈ ಮುಚ್ಚಳ ತೆಗಿಯಾಕಾಗಲ್ಲ ಅಣ್ಣ. ಮ್ಯಾಲಿರೋರು ತೋಪು ಪಕ್ಕಕ್ಕೆ ತಿರುಗ್ಸಿದ್ರೇನೇ ನಾನು ಹೊರಗೆ," ಎಂದು ನಕ್ಕ. ನಾನೂ ನಕ್ಕೆ. ಬಾಡಿಗೆ ಮನೆಯ ಬಾಗಿಲು ಗಿಡ್ಡ ಎಂದು ನಗುವ ಹಾಗೆ ನಕ್ಕಿದ್ದೆವು.

ಅವನು ಹೋದ ಮೇಲೆ ಡಬ್ಬಿ ಅಟ್ಟ ಸೇರಿತು. ಬೆಳಗಿನಿಂದ ಸಂಜೆವರೆಗೆ ಬಣ್ಣ ಕುಡಿದ ಕೈ ಮನೆಗೆ ಬಂದು ಮತ್ತೆ ಬ್ರಷ್ಷು ಹಿಡಿಯಲು ಒಪ್ಪುವುದಿಲ್ಲ. ಅದನ್ನು ಕೆಳಗಿಳಿಸಿದ್ದು ಭಯ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಚಳಿಗಾಲ, ಯುದ್ಧ ಇಂದೋ ನಾಳೆಯೋ ಎನ್ನುವಂತೆ ಸೈನ್ಯವೆಲ್ಲ ಹೋಗಿ ಗಡಿಯಲ್ಲಿ ನಿಂತಿತು. ನಮ್ಮ ಶೆಡ್ಡಿನ ಪಕ್ಕದ ಎಸ್‌ಟಿಡಿ ಬೂತಿಗೆ ತಮ್ಮ ಫೋನ್ ಮಾಡಿ, "ಗಾಡಿ ರೈಲಿಗೆ ಹತ್ತಿಸ್ತಿದೀವಿ. ಇನ್ಮ್ಯಾಲೆ ಫೋನಿಗೆ ಕಾಯಬ್ಯಾಡ್ರಿ," ಎಂದಷ್ಟೇ ಹೇಳಿ ಇಟ್ಟ. ಎಲ್ಲಿಗೆ ಎಂದು ಕೇಳಿದೆ. ಆ ಹೊತ್ತಿಗೆ ಲೈನು ಸತ್ತಿತ್ತು.

ಆಮೇಲೆ ನನಗೆ ಕೂರಲು, ನಿಲ್ಲಲು ಆಗುತ್ತಿರಲಿಲ್ಲ. ಶೆಡ್ಡಿನೆದುರಿನ ಟೀ ಅಂಗಡಿಯಲ್ಲಿ ಟಿವಿ ಇತ್ತು. ಬಾಯಲ್ಲಿ ಬೋಂಡ ಇಟ್ಟುಕೊಂಡು ಜನ "ಹೊಡೀಬೇಕು ಕಣ್ಲೇ, ಈ ಸಲ ಬಿಡಬಾರ್ದು" ಎನ್ನುತ್ತಿದ್ದರು. ಹೊಡೆಯಲು ಹೋಗಬೇಕಾದವನು ನಮ್ಮನೆಯವನು, ಚಟ್ನಿ ಸಾಲದು ಎಂದು ಕೂಗುವವರು ಇವರು. ಒಂದು ದಿನ ಒಬ್ಬನ ಕೊರಳಪಟ್ಟಿಗೆ ಕೈಹಾಕಿಯೂ ಬಿಟ್ಟೆ. ಅಂದಿನಿಂದ ಆ ಅಂಗಡಿಗೆ ಹೋಗುವುದನ್ನು ನಿಲ್ಲಿಸಿ, ಅಟ್ಟದ ಮೇಲಿನ ಡಬ್ಬಿ ಕೆಳಗಿಳಿಸಿದೆ. ಕೈಗೆ ಕೆಲಸ ಕೊಟ್ಟರೆ ತಲೆ ಸುಮ್ಮನಿದ್ದೀತು ಎಂಬ ಆಸೆ.

ತಲೆ ಸುಮ್ಮನಿರಲಿಲ್ಲ. ಚಕ್ರ ಜೋಡಿಸುವಾಗ ಈ ಚಕ್ರ ಈಗ ಯಾವ ಮರಳಿನಲ್ಲಿ ಹೂತಿದೆಯೋ ಎನಿಸುತ್ತಿತ್ತು. ಡೀಸೆಲ್ ಡ್ರಮ್ಮುಗಳನ್ನು ಹಿಂದೆ ಅಂಟಿಸುವಾಗ, ಇವಕ್ಕೆ ಬೆಂಕಿ ತಗುಲಿದರೆ ಎಂದು ಅಂಟು ಕೆಳಗಿಡುತ್ತಿದ್ದೆ. ಚಾಲಕನ ಮುಚ್ಚಳದ ಸರದಿ ಬಂದಾಗ ಅದನ್ನು ಅಂಟಿಸಲು ಧೈರ್ಯ ಸಾಲಲಿಲ್ಲ. ಮುಚ್ಚಳ ಸುಮ್ಮನೆ ತೂತಿನ ಮೇಲೆ ಕೂತಿತ್ತು, ಉಗುರಿನಲ್ಲಿ ಎತ್ತಿದರೆ ಬರುತ್ತಿತ್ತು. ಮೇಲಿನ ತಿರುಗುವ ತಲೆಯನ್ನು ಕೂರಿಸಿದೊಡನೆ ತೋಪನ್ನು ಪಕ್ಕಕ್ಕೆ ತಿರುಗಿಸಿ, ಟ್ಯಾಂಕನ್ನು ದೇವರ ಗೂಡಿನ ಕೆಳಗಿನ ಹಲಗೆಯ ಮೇಲಿಟ್ಟೆ.

ಅವ್ವನಿಗೆ ವಸ್ತುಗಳು ಸೊಟ್ಟಗಿದ್ದರೆ ಆಗದು. ಬೆಳಗ್ಗೆ ಧೂಳು ಹೊಡೆದು ತೋಪನ್ನು ನೆಟ್ಟಗೆ ಮಾಡುತ್ತಿದ್ದಳು. ಸಂಜೆ ಬಂದು ನಾನು ಪಕ್ಕಕ್ಕೆ ತಿರುಗಿಸುತ್ತಿದ್ದೆ. ಮಾರನೆಯ ದಿನ ಮತ್ತೆ ನೆಟ್ಟಗೆ. ಏಕೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಗೆ ಹೇಳಲಿ? ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಮಗ ಕಬ್ಬಿಣದ ಗಾಡಿಯೊಳಗೆ ಕೂತಿದ್ದಾನೆ, ಗುಂಡು ತಾಗುವುದಿಲ್ಲ. ಅಷ್ಟು ನಂಬಿಕೆಯ ಮೇಲೆ ಅವಳು ಎರಡು ತುತ್ತು ಉಣ್ಣುತ್ತಿದ್ದಳು.

ಆ ದಿನಗಳಲ್ಲೇ ನಾನೊಂದು ಎಡವಟ್ಟು ಮಾಡಿಕೊಂಡೆ. ಲಾರಿಯ ತಗಡಿಗೆ ಬಣ್ಣ ಹೊಡೆಯುವ ಮುನ್ನ ಜಿಡ್ಡು ಹೋಗಲೆಂದು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತೇವೆ. ಅದು ನಮ್ಮ ಕೈಗೆ ಎಷ್ಟು ರೂಢಿಯೆಂದರೆ ಕಣ್ಣು ಮುಚ್ಚಿಕೊಂಡೂ ಮಾಡುತ್ತೇವೆ. ಒಂದು ಭಾನುವಾರ ಟ್ಯಾಂಕಿನ ಮೂತಿಯನ್ನೂ ಹಾಗೆಯೇ ಒರೆಸಿದೆ. ಅದು ತಗಡಲ್ಲ, ಥಿನ್ನರಿಗೆ ಕರಗುವ ಪ್ಲಾಸ್ಟಿಕ್ಕು. ಬಟ್ಟೆ ಅಂಟಿಕೊಂಡಿತು. ಗಾಬರಿಯಾಗಿ ಕಿತ್ತು, ಬೆರಳಿನಿಂದ ಒತ್ತಿ ಸರಿಮಾಡಲು ಹೋದರೆ ಮುಂಭಾಗ ಬೆಲ್ಲದ ಪಾಕದಂತೆ ಇಳಿದು ನನ್ನ ಹೆಬ್ಬೆರಳಿನ ಗುರುತು ಅಲ್ಲೇ ಮೂಡಿತು. ಸರಿಯಾಗಿ ತಮ್ಮ ಕೂರುವ ಜಾಗದಲ್ಲಿ.

ನಾನು ಶಕುನ ನಂಬುವವನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ, ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವನಿಗೆ ಬೆನ್ನು ಮಾಡಿ, ಟ್ಯಾಂಕನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಶೆಡ್ಡಿಗೆ ಓಡಿದೆ. ಶೆಡ್ಡಿನ ಯಜಮಾನರು ಒಬ್ಬ ಹಿರಿಯ ಸಾಬರು. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಅವರು ಕನ್ನಡಕ ಏರಿಸಿ ನೋಡಿದರು. ಬೈಯಲಿಲ್ಲ. "ಮನ್ಸು ಎಲ್ಲೋ ಐತೆ, ಕೈ ಎಲ್ಲೋ ಐತೆ," ಎಂದು ತಗ್ಗು ತುಂಬುವ ಪುಟ್ಟಿಯ ಡಬ್ಬಿ ಮುಂದೆ ದೂಡಿದರು. "ಜಖಂ ಆದ ಗಾಡಿ ಎಷ್ಟು ರಿಪೇರಿ ಮಾಡಿಲ್ಲ ನಾವು? ತೆಳ್ಳಗೆ ಹಚ್ಚು. ಒಣಗ್ಲಿ. ಉಜ್ಜು. ಮತ್ತೆ ಹಚ್ಚು." ಹಚ್ಚಿದೆ, ಉಜ್ಜಿದೆ, ಮತ್ತೆ ಹಚ್ಚಿದೆ. ಹೆಬ್ಬೆರಳಿನ ಗುರುತು ಮುಚ್ಚಿತು, ಮುಚ್ಚಳದ ತೂತು ಮಾತ್ರ ಮುಚ್ಚದಂತೆ ನೋಡಿಕೊಂಡೆ. ಒಳಗಿನ ಅಳುಕು ಹಾಗೆಯೇ ಉಳಿಯಿತು.

ಸುದ್ದಿ ಇಲ್ಲದೆ ಬೇಸಿಗೆ ಬಂತು. ಅವ್ವ ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ತನ್ನ ತಂಗಿಯ ಮನೆಗೆ ಹೋಗಿದ್ದವಳು, ವಾಪಸಾಗುವಾಗ ಒಂದು ಗೇಣು ರೇಷ್ಮೆ ನೂಲು ತಂದಳು. ಡಬ್ಬಿಯ ಚಿತ್ರದಲ್ಲಿ ಟ್ಯಾಂಕಿನ ಪಕ್ಕಕ್ಕೆ ಸುತ್ತಿದ್ದ ಹಗ್ಗವನ್ನು ಅವಳು ನೋಡಿದ್ದಳು. ಕೆಟ್ಟು ನಿಂತ ಗಾಡಿಯನ್ನು ಇನ್ನೊಂದು ಗಾಡಿ ಎಳೆದು ತರುವ ಹಗ್ಗವದು ಎಂದು ನಾನೇ ಯಾವಾಗಲೋ ಹೇಳಿದ್ದೆ. "ಈ ನೂಲಿಂದ ಮಾಡು. ಮಗ್ಗದ ನೂಲು, ಹರಿಯಾಕಿಲ್ಲ," ಎಂದಳು. ಆಟದ ಸಾಮಾನು ಎಂದು ನಕ್ಕವಳು ಈಗ ಹಗ್ಗ ಗಟ್ಟಿಯಿರಬೇಕು ಎನ್ನುತ್ತಿದ್ದಳು. ಅವಳಿಗೂ ನನ್ನಷ್ಟೇ ಹೆದರಿಕೆಯಿದೆ ಎಂದು ಆಗ ತಿಳಿಯಿತು. ಅಲ್ಲಿಯವರೆಗೆ ಭಯ ತಾಗದಂತೆ ಅವಳನ್ನು ಕಾಯುತ್ತಿರುವವನು ನಾನೊಬ್ಬನೇ ಎಂದುಕೊಂಡು ಬೀಗುತ್ತಿದ್ದೆ.

ಬಣ್ಣವೂ ಮುಗಿಯಿತು. ಈ ಸಲ ಥಿನ್ನರಿನ ಸಹವಾಸ ಬೇಡವೆಂದು ಲಾರಿಯ ಮೇಲೆ ಅಕ್ಷರ ಬರೆಯುವ ಎನಾಮಲ್ ಬಣ್ಣವನ್ನು ಬ್ರಷ್ಷಿನಿಂದಲೇ ಹಚ್ಚಿದ್ದೆ. ಉಳಿದದ್ದು ಮುಂದಿನ ಮಡ್‌ಗಾರ್ಡಿನ ಅಂಚಿಗೆ ಒಂದು ಬಿಳಿ ಗೆರೆ ಮಾತ್ರ. ಅದನ್ನು ಎಳೆಯಲಿಲ್ಲ. ನಮ್ಮ ಶೆಡ್ಡಿನ ಕಟ್ಟಳೆ ಹಾಗಿತ್ತು. ಲಾರಿಯ ಎಲ್ಲ ಬಣ್ಣ ಮುಗಿದರೂ ಹಣೆಯ ಮೇಲಿನ ಕೊನೆಯ ಗೆರೆ ಬಿಟ್ಟಿರುತ್ತೇವೆ. ಡ್ರೈವರ್ ಬಂದು ಸೀಟಿನಲ್ಲಿ ಕೂರಬೇಕು. ಆಗ ಗೆರೆ. ಗೆರೆಯ ಹಸಿ ಆರುವ ಮುನ್ನ ಗಾಡಿ ನಿಂಬೆಹಣ್ಣು ತುಳಿದು ಗೇಟು ದಾಟಬೇಕು. ಡ್ರೈವರ್ ಬಾರದಿದ್ದರೆ ಗಾಡಿ ಕಾಯಬೇಕು, ಮಾಲೀಕ ಎಷ್ಟೇ ಕೂಗಾಡಲಿ. "ಕೂತೋನು ಇಲ್ದೆ ಗೆರೆ ಎಳೀಬಾರ್ದು ಬೇಟಾ," ಎನ್ನುತ್ತಿದ್ದರು ಉಸ್ತಾದ್. ಹೀಗಾಗಿ ಟ್ಯಾಂಕು ಹಲಗೆಯ ಮೇಲೆ ಡ್ರೈವರಿಗಾಗಿ ಕಾಯುತ್ತ ಕೂತಿತು.

ಒಂದು ಮಧ್ಯಾಹ್ನ ಊಟಕ್ಕೆ ಬರುತ್ತಿದ್ದೆ. ನಮ್ಮ ಓಣಿಯ ತುದಿಯಲ್ಲಿ ಒಬ್ಬ ಪೊಲೀಸ್ ಪೇದೆ ಬೈಕು ನಿಲ್ಲಿಸಿ, "ಮಿಲಿಟ್ರಿಯಾಗಿರೋ ಹುಡುಗನ ಮನೆ ಯಾವುದ್ರಿ?" ಎಂದು ಕೇಳುತ್ತಿದ್ದ. ಯಾರೋ ನಮ್ಮ ಮನೆ ತೋರಿಸಿದರು. ಅಂಥ ಸುದ್ದಿಯನ್ನು ಪೊಲೀಸರ ಕೈಲಿ ಹೇಳಿಕಳಿಸುತ್ತಾರೆ ಎಂದು ಎಲ್ಲೋ ಕೇಳಿದ್ದೆ. ನಾನು ಓಣಿಯ ತುದಿಯಲ್ಲೇ ನಿಂತುಬಿಟ್ಟೆ. ಅಷ್ಟರಲ್ಲಿ ಅವನು ನಮ್ಮ ಬಾಗಿಲು ತಟ್ಟಿದ್ದ, ಅವ್ವ ಹೊರಗೆ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಖಾಕಿ ಬಟ್ಟೆ ನೋಡಿದ್ದೇ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಕುಸಿದು ಕೂತಳು.

ನಾನು ಓಡಿಹೋದೆ. ಪೇದೆ ನನಗಿಂತ ಹೆಚ್ಚು ಗಾಬರಿಯಾಗಿದ್ದ. "ಏನಾಯ್ತ್ರಿ ಅಮ್ಮಂಗೆ? ನಾನು ನಂಬರ್ ಪ್ಲೇಟ್ ಬರಸಾಕೆ ಬಂದೋನ್ರಿ. ಪೇಂಟ್ರು ಮಿಲಿಟ್ರಿಯೋನ ಮನ್ಯಾಗೇ ಇರ್ತಾರೆ ಅಂದ್ರು," ಎಂದ. ನನಗೆ ಅವನನ್ನು ಅಪ್ಪಿಕೊಳ್ಳಬೇಕೋ ಕಪಾಳಕ್ಕೆ ಬಾರಿಸಬೇಕೋ ತಿಳಿಯಲಿಲ್ಲ. ಸಂಜೆ ಶೆಡ್ಡಿಗೆ ಬಾ ಎಂದು ಸಾಗಹಾಕಿದೆ.

ಅವ್ವನಿಗೆ ನೀರು ಕುಡಿಸಿ ಒಳಗೆ ಕರೆತಂದೆ. ಹಲಗೆಯ ಮೇಲೆ ಟ್ಯಾಂಕು ಕಂಡಿತು. ತೋಪು ನೆಟ್ಟಗಿತ್ತು. ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಗೆ ಬಂತು. "ಎಷ್ಟು ಸಲ ತಿರುಗ್ಸಿಡ್ತೀನಿ, ಯಾಕೆ ನೆಟ್ಟಗೆ ಮಾಡ್ತೀಯವ್ವ? ತೋಪು ಹಿಂಗಿದ್ರೆ ಅವನಿಗೆ ಹೊರಗೆ ಬರಾಕಾಗಲ್ಲ!" ಎಂದು ಕಿರುಚಿಬಿಟ್ಟೆ. ಕಿರುಚಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅವ್ವ ನನ್ನ ಮುಖ ನೋಡಿದಳು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ತಮ್ಮ ಹೇಳಿದ್ದನ್ನೆಲ್ಲ ಹೇಳಿ, ಮುಚ್ಚಳ ಎತ್ತಿ ತೋರಿಸಿದೆ.

ಅವಳು ಅಳಲಿಲ್ಲ. ಎದ್ದು ಬಂದು, ಬಿಸಿ ಹಂಚು ಮುಟ್ಟುವವಳಂತೆ ಬೆರಳ ತುದಿಯಿಂದ ತೋಪನ್ನು ಪಕ್ಕಕ್ಕೆ ತಿರುಗಿಸಿದಳು. ಅಂದಿನಿಂದ ಆ ಹಲಗೆಯ ಧೂಳನ್ನು ಬಟ್ಟೆಯಿಂದ ಹೊಡೆಯಲಿಲ್ಲ. ಬಾಯಿಂದ ಊದುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದು ತೋಪು ಸರಿದಿಲ್ಲವಷ್ಟೇ ಎಂದು ನೋಡಿ ಹೋಗುತ್ತಿದ್ದಳು. ಉಣ್ಣುವುದು ಒಂದು ತುತ್ತಿಗೆ ಇಳಿಯಿತು. ನಾನು ಏನೂ ಮಾಡುವಂತಿರಲಿಲ್ಲ. ಒಬ್ಬರಿಗೊಬ್ಬರು ಧೈರ್ಯ ಹೇಳುವ ನಾಟಕವನ್ನು ಮಾತ್ರ ಇಬ್ಬರೂ ನಿಲ್ಲಿಸಿದೆವು.

ಮಳೆಗಾಲ ಕಳೆದ ಮೇಲೆ ಸೈನ್ಯ ಹಿಂದಕ್ಕೆ ಬರುವ ಸುದ್ದಿ ಟಿವಿಯಲ್ಲಿ ಬಂತು. ನಾವು ನಂಬಲಿಲ್ಲ. ಬೂತಿನವನು ಕೂಗಿ ಕರೆದಾಗ ಓಡಿಹೋಗಿ, ಫೋನಿನಲ್ಲಿ "ಅಣ್ಣ, ನಾನು" ಎಂಬ ಧ್ವನಿ ಕೇಳಿದ ಮೇಲೆ ನಂಬಿದೆ. ರಿಸೀವರ್ ಹಿಡಿದುಕೊಂಡು ರಸ್ತೆಬದಿಯ ಬೂತಿನಲ್ಲಿ ಅತ್ತೆ. ನಾಚಿಕೆಯಾಗಲಿಲ್ಲ.

ಅವನು ರಜೆಗೆ ಬಂದ. ಕಪ್ಪಾಗಿದ್ದ, ಮಾತು ಕಡಿಮೆಯಾಗಿತ್ತು. ಬಂದ ಸಂಜೆಯೇ ಟ್ಯಾಂಕನ್ನು ಅವನ ಮುಂದಿಟ್ಟೆ. ಸುತ್ತಲೂ ತಿರುಗಿಸಿ ನೋಡಿದ, ರೇಷ್ಮೆ ಹಗ್ಗವನ್ನು ಸವರಿದ. "ಚೆಂದ ಮಾಡೀಯಣ್ಣ. ತೋಪು ಯಾಕೆ ಹಿಂಗೆ ಸೊಟ್ಟಗೆ ಐತೆ?" ಎಂದ.

ಅವ್ವ ಹೇಳಿದಳು. "ನೀನು ಎದ್ದು ಬರಾಕೆ ದಾರಿ ಬೇಕಲ್ಲ ನಾಯ್ನಾ."

ಅವನು ತಲೆ ತಗ್ಗಿಸಿದ. ನಾನು ಬಿಳಿ ಬಣ್ಣದ ಡಬ್ಬಿ ತೆರೆದು, ಡ್ರೈವರ್ ಬಂದನಲ್ಲ, ಇನ್ನು ಗೆರೆ ಎಳೆಯೋಣ ಎಂದೆ. ಅವನು ನನ್ನ ಮಣಿಕಟ್ಟು ಹಿಡಿದ. ಶೆಡ್ಡಿನ ಕಟ್ಟಳೆ ಅವನಿಗೂ ಗೊತ್ತಿತ್ತು. "ಬ್ಯಾಡಣ್ಣ. ಗೆರೆ ಎಳೆದ್ರೆ ಗಾಡಿ ಹೊರಡಬೇಕಾಗ್ತೈತೆ. ಈಗ್ಲೇ ಬ್ಯಾಡ." ನಾನು ಡಬ್ಬಿ ಮುಚ್ಚಿದೆ.

ರಜೆಯ ಕೊನೆಯ ದಿನ, ಟ್ರಂಕು ಕಟ್ಟಿಯಾದ ಮೇಲೆ, ಅವನೇ ಬಂದು ಹಲಗೆಯ ಮುಂದೆ ಚಕ್ಕಂಬಟ್ಟಲು ಹಾಕಿ ಕೂತ. "ಎಳಿ ಅಣ್ಣ," ಎಂದ. ನಾನು ಉಸಿರು ಬಿಗಿಹಿಡಿದು ಮಡ್‌ಗಾರ್ಡಿನ ಅಂಚಿಗೆ ಗೆರೆ ಎಳೆದೆ. ಗೆರೆ ಸೊಟ್ಟಾಗಲಿಲ್ಲ. ಅವ್ವ ನಿಂಬೆಹಣ್ಣು ಹಿಡಿದು ಬಂದವಳು ಗಾಡಿಯ ಗಾತ್ರ ನೋಡಿ ಅದನ್ನು ಕೊಯ್ದು, ಒಂದು ಬೀಜ ತೆಗೆದು ಟ್ಯಾಂಕಿನ ಮುಂದಿಟ್ಟಳು. ಮೂವರೂ ನಕ್ಕೆವು.

ಅವನು ಟ್ಯಾಂಕಿನ ಮೇಲೆ ಬೆರಳಿಟ್ಟ. ಗೆರೆ ಇನ್ನೂ ಹಸಿಯಿತ್ತು. ಮುಂದಕ್ಕೆ ದೂಡುತ್ತಾನೆಂದು ಕಾದೆವು. ಅವನು ಮೆಲ್ಲಗೆ ಹಿಂದಕ್ಕೆ ಎಳೆದ, ಒಂದು ಗೇಣು, ಗೋಡೆ ತಾಗುವವರೆಗೆ.

"ಅಲ್ಲಿ ದಿನಾ ಇದೊಂದು ಹುಕುಮಿಗೇ ಕಾಯ್ತಿದ್ದೆ ಅಣ್ಣ. ಹಿಂದಕ್ಕೆ ತಗೋ ಅನ್ನೋದು," ಎಂದ.

ನಿಂಬೆ ಬೀಜ ಇಟ್ಟಲ್ಲೇ ಇತ್ತು. ಅವ್ವ ಅದನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಅವನಿಗೆ ಬುತ್ತಿ ಕಟ್ಟಲು ಒಳಗೆ ಹೋದಳು.